ಚೌಡಿಯ ಬಾಯಾರಿಕೆ

ಅವನು ತೀರಿಕೊಂಡ ಸುದ್ದಿ ಕೇಳಿ ತೀರ್ಥಹಳ್ಳಿಗೆ ಹೋಗಿದ್ದೆ. ಜಗಲಿ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬರು, ನಾನು ಯಾರು ಎತ್ತ ಅಂತ ಗೊತ್ತಿಲ್ಲದೋರು, ನನ್ನ ಕಡೆ ವಾಲಿ, "ಭಾರೀ ದೈವಭಕ್ತರು ಮಾರಾಯ್ರೆ. ಯಾವ ಕಾರು ರಿಪೇರಿ ಮಾಡಿದ್ರೂ ಡಿಕ್ಕಿಯಲ್ಲಿ ಒಂದು ತೆಂಗಿನಕಾಯಿ ಇಟ್ಟೇ ಕಳಿಸ್ತಿದ್ರಂತೆ, ಚೌಡಿಗೆ ಅಂತ" ಅಂದ್ರು. ಸಾವಿನ ಮನೆ ಅಂತ ಸುಮ್ಮನಿದ್ದೆ. ಇಲ್ಲದಿದ್ರೆ ನಾನು ಬಾಯಿ ಮುಚ್ಕೊಂಡು ಕೂರೋ ಪೈಕಿ ಅಲ್ಲ. ದೇವರ ಜೊತೆ ಅವನಷ್ಟು ಠೂ ಬಿಟ್ಟಿದ್ದ ಮನುಷ್ಯನನ್ನ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಲ್ಲಿ ನಾನು ಕಂಡಿಲ್ಲ. ಕಾಯಿ ಇಡ್ತಿದ್ದದ್ದು ನಿಜ. ಯಾಕೆ ಇಡ್ತಿದ್ದ ಅಂತ ಗೊತ್ತಿರೋನು ಈಗ ನಾನೊಬ್ಬನೇ. "ನಾನಿರೋವರೆಗೆ ಯಾರಿಗೂ ಹೇಳ್ಬೇಡ" ಅಂದಿದ್ದ. ಈಗ ಅವನಿಲ್ಲ, ಹೇಳ್ತೀನಿ. ಹೆಸರು ಮಾತ್ರ ಬೇಡ. ನಮ್ಮ ಕಡೆಯವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತೆ, ಬೇರೆಯವರಿಗೆ ಅದು ಕಟ್ಕೊಂಡು ಏನಾಗ್ಬೇಕು.

ಎಪ್ಪತ್ತರ ದಶಕದ ಮಾತು. ಸಾಗರದಲ್ಲಿ ಹೊಸನಗರದ ರಸ್ತೆಗೆ ಮುಖ ಮಾಡ್ಕೊಂಡು ಒಂದು ತಗಡಿನ ಶೆಡ್ಡಿತ್ತು. ಅರ್ಧ ನನ್ನದು, ಅರ್ಧ ಅವನದು. ನಾನು ಕಾರು, ಜೀಪು, ಬಸ್ಸುಗಳ ಸೀಟು ಹೊಲಿಯೋನು. ಅವನು ಗಾಡಿಗಳ ವೈರಿಂಗು, ಬ್ಯಾಟರಿ, ಡೈನಮೋ ನೋಡೋ ಎಲೆಕ್ಟ್ರಿಷಿಯನ್ನು. ಅವನ ಅಂಗಿ ಜೇಬಲ್ಲಿ ಪೆನ್ನಿನ ಜಾಗದಲ್ಲಿ ಒಂದು ಸಣ್ಣ ಬಲ್ಬು ಇರ್ತಿತ್ತು. ಬಲ್ಬಿಗೆ ಎರಡು ವೈರು. ಒಂದನ್ನ ಗಾಡಿಯ ಮೈ ತಗಡಿಗೆ ಕಚ್ಚಿಸಿ, ಇನ್ನೊಂದನ್ನ ಕರೆಂಟು ಬರ್ಬೇಕಾದ ಜಾಗಕ್ಕೆ ತಾಗಿಸ್ತಿದ್ದ. ಬಲ್ಬು ಹತ್ತಿದ್ರೆ ಕರೆಂಟು ಬಂತು, ಹತ್ತದಿದ್ರೆ ಬರ್ಲಿಲ್ಲ. "ಇದಕ್ಕೆ ಸುಳ್ಳು ಹೇಳೋಕೆ ಬರೋದಿಲ್ಲ ಮಾರಾಯ, ನಿನ್ನ ಹಾಗಲ್ಲ" ಅಂತ ನನ್ನ ಕಾಲೆಳೀತಿದ್ದ. ಟ್ಯಾಕ್ಸಿ ಸ್ಟ್ಯಾಂಡಿನವರು ಅವನಿಗೆ ಬಲ್ಬಣ್ಣ ಅಂತ ಹೆಸರಿಟ್ಟಿದ್ರು.

ಅವನ ಹತ್ರ ಗಾಡಿ ತಂದವರಿಗೆ ಮೊದಲು ಆಗ್ತಿದ್ದದ್ದು ವಿಚಾರಣೆ. "ಬಲ್ಬಣ್ಣ, ಗಾಡಿ ನಿಲ್ತದೆ."

"ಎಲ್ಲಿ?"

"ದಾರೀಲಿ."

"ದಾರೀಲಿ ಅಲ್ದೆ ನಿನ್ನ ಅಡುಗೆಮನೇಲಿ ನಿಲ್ತದಾ? ಏರಲ್ಲೋ, ಇಳಿಜಾರಲ್ಲೋ? ನಿಂತಾಗ ಕಾಲು ಎಲ್ಲಿತ್ತು?"

ಈ ಕಡೇ ಪ್ರಶ್ನೆ ಅವನ ಮುದ್ರೆ. ಎಕ್ಸಲೇಟರ್ ಎಷ್ಟು ಒತ್ತಿದ್ದೆ, ಕಾಲು ಪೂರ್ತಿ ಕೆಳಗಿತ್ತೋ, ಅರ್ಧಕ್ಕಿತ್ತೋ, ತೆಗೆದಿದ್ದೆಯೋ ಅಂತ ಅವನ ಲೆಕ್ಕ. ಚೇಷ್ಟೆಯವರು "ಕಾಲು ಸೊಂಟದ ಕೆಳಗೇ ಇತ್ತು ಬಲ್ಬಣ್ಣ" ಅಂತಿದ್ರು. ಅವನು ನಗ್ತಿರ್ಲಿಲ್ಲ. "ಗಾಡಿ ಬಾಯಿಬಿಟ್ಟು ಹೇಳೋದಿಲ್ಲ ಕಣೋ. ನಿನ್ನ ಕಾಲಿಗೆ ಹೇಳಿರುತ್ತೆ. ನೆನಪು ಮಾಡ್ಕೋ" ಅಂತಿದ್ದ.

ಸರಿಯಾಗಿ ಓಡ್ತಿರೋ ಗಾಡಿಗೆ ಕೈ ಹಚ್ಚೋನೇ ಅಲ್ಲ. ಬೇರೆ ಕಡೆ ಆಗಿದ್ರೆ ಅಂದಾಜಿನ ಮೇಲೆ ಪ್ಲಗ್ ಬದಲಾಯಿಸಿ, ಅದು ಬದಲಾಯಿಸಿ ಇದು ಬದಲಾಯಿಸಿ ಕಳಿಸ್ತಿದ್ರು. ಇವನು, "ಈಗ ಆರಾಮಾಗಿದೆಯಲ್ಲ, ಕೆಟ್ಟಾಗ ತಗೊಂಡ್ಬಾ" ಅನ್ನೋನು. "ಕೆಟ್ಟಾಗ ಹೇಗೆ ತರೋದು ಬಲ್ಬಣ್ಣ, ಹೊತ್ಕೊಂಡಾ?" ಅಂತ ಅವರು ತಲೆ ಚಚ್ಕೊಳ್ತಿದ್ರು. ಪೂರ್ತಿ ಕೆಟ್ಟ ಗಾಡಿ ಸಜ್ಜನ, ಒಮ್ಮೊಮ್ಮೆ ಕೆಡೋ ಗಾಡಿ ದೆವ್ವ ಅಂತ ಅವನ ಮಾತಿತ್ತು.

ದೇವರ ವಿಷಯಕ್ಕೆ ಬಂದ್ರೆ ಆಯುಧಪೂಜೆ ಮರುದಿನ ಅವನನ್ನ ನೋಡ್ಬೇಕು. ಸ್ಟ್ಯಾಂಡಿನ ಗಾಡಿಗಳ ಬ್ಯಾಟರಿ ಮೇಲೆ ಮೆತ್ತಿದ್ದ ಕುಂಕುಮ ಒರೆಸ್ತಾ, "ದೇವರಿಗೆ ಕುಂಕುಮ, ಬ್ಯಾಟರಿಗೆ ಗ್ರೀಸು, ಅದಲುಬದಲು ಮಾಡಿದ್ರೆ ಇಬ್ಬರೂ ಕೆಡ್ತಾರೆ" ಅಂತಿದ್ದ. ಚಕ್ರದಡಿ ಇಡೋಕೆ ತಂದು ಉಳಿದ ನಿಂಬೆಹಣ್ಣೆಲ್ಲ ಒಟ್ಟುಮಾಡಿ ಶೆಡ್ಡಿಗೆ ತಂದು ಶರಬತ್ತು ಮಾಡ್ತಿದ್ದ. ನಾನು ಮೊದಲು ಹೆದರಿದ್ದೆ. ಆಮೇಲೆ ನಾನೇ ಸಕ್ಕರೆ ತಂದಿಡ್ತಿದ್ದೆ. ಅವನ ಹೆಂಡತಿ ತೀರಿಹೋದಮೇಲೆ ಶರಬತ್ತು ನಿಂತುಹೋಯ್ತು. ನಿಂಬೆಹಣ್ಣು ಕಂಡ್ರೆ ಒದ್ದು ಚರಂಡಿಗೆ ಹಾಕೋನು.

ಅವಳು ಹೋದ ಕಥೆ ಮೂರೂ ತಾಲೂಕಿಗೆ ಗೊತ್ತಿತ್ತು. ಚೌಡಿ ತಗೊಂಡು ಹೋದಳು ಅಂತ ಗೊತ್ತಿತ್ತು.

ಹೊಸನಗರದಿಂದ ಸಾಗರಕ್ಕೆ ಬರೋ ದಾರಿಯಲ್ಲಿ ಒಂದು ಉದ್ದ ಏರು. ಏರಿನ ತಲೆಯಲ್ಲಿ ತಿರುವು, ತಿರುವಲ್ಲಿ ಮರ, ಮರದ ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲು. ಅದು ಚೌಡಿ. ಸ್ಟ್ಯಾಂಡಲ್ಲಿ ಶೀನಣ್ಣ ಅಂತ ಒಬ್ಬನ ಕಪ್ಪು ಕಾರಿತ್ತು, ಅವನೇ ಯಜಮಾನ ಅವನೇ ಡ್ರೈವರು. ಬೇಸಿಗೆಯಲ್ಲಿ ಆ ಕಾರು ಆ ತಿರುವಿಗೆ ಬಂದು ತಟ್ಟನೆ ನಿಲ್ತಿತ್ತು. ಶೀನಣ್ಣ ಕೀ ತೆಗೆದು, ಚಪ್ಪಲಿ ಬಿಟ್ಟು ಇಳಿದು, ತಾಯಿ ನೋಡ್ಲಿ ಅಂತ ಬಾನೆಟ್ ಎತ್ತಿ ಇಡ್ತಿದ್ದ. ಕಾಯಿ ಒಡೆದು ಅರ್ಧ ನೀರು ಕಲ್ಲಿಗೆ ಹಾಕಿ, ಉಳಿದದ್ದನ್ನ ತೀರ್ಥದ ಹಾಗೆ ಇಂಜಿನ್ ಮೇಲೆ ಚಿಮುಕಿಸಿ, ಕಲ್ಲಿಗೆ ಸುತ್ತು ಬಂದು, ಕೈಮುಗಿದು ಕೂತು ಕೀ ತಿರುಗಿಸಿದ್ರೆ ಕಾರು ಹೊರಡ್ತಿತ್ತು. ತಪ್ಪಿದ್ದೇ ಇಲ್ಲ. ಮಳೆಗಾಲದಲ್ಲಿ ಮಾತ್ರ ಅಲ್ಲಿ ನಿಲ್ತಿರ್ಲಿಲ್ಲ. ಕೇಳಿದ್ರೆ ಶೀನಣ್ಣ, "ಮಳೆಗಾಲದಲ್ಲಿ ತಾಯಿಗೆ ಬಾಯಾರಿಕೆ ಇರೋದಿಲ್ಲ ಮಾರಾಯ" ಅಂತಿದ್ದ. ಸ್ಟ್ಯಾಂಡಿಗೆಲ್ಲ ಅದು ಒಪ್ಪಿತ್ತು. ನನಗೂ ಒಪ್ಪಿತ್ತು, ಯಾಕೆ ಸುಳ್ಳು ಹೇಳ್ಲಿ.

ಬಲ್ಬಣ್ಣನ ಹೆಂಡತಿ ಚೊಚ್ಚಲ ಹೆರಿಗೆಗೆ ಹೊಸನಗರದ ಕಡೆ ತವರಿಗೆ ಹೋಗಿದ್ಲು. ಹೆರಿಗೆ ಕಷ್ಟ ಆಗ್ತಿದೆ ಅಂತ ಸುದ್ದಿ ಬಂದಾಗ ಇವನು ಶೀನಣ್ಣನ ಕಾರು ಮಾಡ್ಕೊಂಡು ಓಡಿದ. ಅವಳನ್ನ ಹಿಂದಿನ ಸೀಟಲ್ಲಿ ಮಲಗಿಸಿ, ತಲೆ ಅವಳಮ್ಮನ ತೊಡೆ ಮೇಲಿಟ್ಟು ಸಾಗರದ ಆಸ್ಪತ್ರೆಗೆ ಹೊರಟ್ರು. ಮಟಮಟ ಮಧ್ಯಾಹ್ನ, ಸುಡೋ ಬಿಸಿಲು. ಕಾರು ಚೌಡಿ ತಿರುವಲ್ಲಿ ನಿಂತಿತು. ಶೀನಣ್ಣ ಕೀ ತೆಗೆದು, ಸೀಟಿನಡಿ ಇದ್ದ ಕಾಯಿಗೆ ಕೈ ಹಾಕಿದ. ಇವನು ಆ ಕೈ ಹಿಡಿದ.

"ಅವಳು ಸಾಯ್ತಿದಾಳೆ, ನೀನು ಕಾಯಿ ಒಡೀತೀಯಾ? ಸೆಲ್ಫ್ ಹೊಡಿ. ಎಕ್ಸಲೇಟರ್ ಒತ್ತು. ಬಿಡ್ಬೇಡ, ಒತ್ತು."

ಹಿಂದಿನಿಂದ ಅತ್ತೆ, "ಅಳಿಯಂದ್ರೆ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಕಾಯಿ ಒಡೀಲಿ" ಅಂದ್ರಂತೆ.

"ಸುಮ್ನಿರಿ ಅತ್ತೆ. ಒತ್ತು ಶೀನಣ್ಣ, ಕಾಲು ತೆಗೀಬೇಡ."

ಬ್ಯಾಟರಿ ಕೂತುಹೋಗೋವರೆಗೆ ಒತ್ತಿದ್ರು. ಆಮೇಲೆ ರಸ್ತೆಯಲ್ಲಿ ನಿಂತು ಲಾರಿ ಕಾದ್ರು. ಲಾರಿ ಬಹಳ ಹೊತ್ತಿಗೆ ಬಂತು. ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಉಳೀತು, ತಾಯಿ ಉಳೀಲಿಲ್ಲ. "ಸ್ವಲ್ಪ ಮೊದಲು ತಂದಿದ್ರೆ" ಅಂದ್ರಂತೆ ಡಾಕ್ಟ್ರು. ಎಲ್ಲರೂ ಹೇಳೋ ಮಾತೇ ಅದು, ಆದ್ರೆ ಇವನ ಮಟ್ಟಿಗೆ ಅದು ಮೈಯಲ್ಲಿ ಮುರಿದ ಮುಳ್ಳಾಯ್ತು.

ಅತ್ತೆ ಕೂಸನ್ನ ಎತ್ತಿಕೊಂಡು, "ನನ್ನ ಮಗಳಿಗಿಂತ ಒಂದು ಕಾಯಿ ಹೆಚ್ಚಾಯ್ತಾ ನಿಮಗೆ?" ಅಂತ ಕೇಳಿ ಹೊಸನಗರಕ್ಕೆ ಹೋದ್ರು. ಮತ್ತೆ ಇವನ ಹತ್ರ ಮಾತಾಡ್ಲಿಲ್ಲ. ಹುಡುಗಿ ಅಜ್ಜಿ ಮನೆಯಲ್ಲೇ ಬೆಳೀತು. ಇವನು ಹಬ್ಬಕ್ಕೆ ಲಂಗದ ಬಟ್ಟೆ ತಗೊಂಡು ಹೋದ್ರೆ ಕದದ ಹಿಂದೆ ಅಡಗ್ತಿತ್ತು. ನಿಮ್ಮಪ್ಪ ಚೌಡಿಗೆ ಕಾಯಿ ಕೊಡ್ಲಿಲ್ಲ, ಅದಕ್ಕೆ ಚೌಡಿ ಅಮ್ಮನನ್ನ ತಗೊಂಡಳು ಅಂತ ಆ ಮಗುವಿಗೆ ಯಾರೋ ಹೇಳಿದ್ರು. ಒಂದ್ಸಲ ವಾಪಸ್ ಬಂದವನು ಬಟ್ಟೆ ಗಂಟನ್ನ ನನ್ನ ಮಿಷನ್ನಿನ ಮೇಲಿಟ್ಟು, "ಯಾರಿಗಾದ್ರೂ ಹೊಲಿದು ಕೊಡು" ಅಂದ. ನಾನು ಸೀಟು ಹೊಲಿಯೋನು, ಲಂಗ ಎಲ್ಲಿ ಬರುತ್ತೆ ನನಗೆ. ಹಾಗೇ ಎತ್ತಿಟ್ಟೆ.

ಅಲ್ಲಿಂದ ಅವನಿಗೆ ಇದ್ದದ್ದು ಒಂದೇ ಕೆಲಸ. ಕಪ್ಪು ಕಾರಿನ ದೋಷ ಕಂಡುಹಿಡೀಬೇಕು. ಹಿಡಿದು ಅತ್ತೆ ಕೈಗೆ ಇಡ್ಬೇಕು. ಇದು ಕೊಂದದ್ದು ನೋಡಿ, ಚೌಡಿಯೂ ಅಲ್ಲ ನಾನೂ ಅಲ್ಲ ಅನ್ಬೇಕು. ಮಗಳನ್ನ ಕರ್ಕೊಂಡು ಬರ್ಬೇಕು.

ಸಿಗ್ಬೇಕಲ್ಲ. ಶೆಡ್ಡಿಗೆ ಬಂದ ಕಾರು ಸಾಧುಸಂತನ ಹಾಗೆ ನಿಂತಿರ್ತಿತ್ತು. ಎಲ್ಲಿ ತಾಗಿಸಿದ್ರೂ ಬಲ್ಬು ಹತ್ತುತ್ತೆ. ಒಂದೊಂದೇ ವೈರು ಜಗ್ಗಿ ನೋಡೋನು, ಮೂಸಿ ನೋಡೋನು. ದಾರಿಯಲ್ಲಿ ನಿಂತಾಗ ನೋಡೋಣ ಅಂದ್ರೆ ಶೀನಣ್ಣ ಕಾಯಿ ಒಡೆದು ಹೊರಡಿಸಿಬಿಡ್ತಾನೆ. "ಒಂದ್ಸಲ, ಒಂದೇ ಸಲ ಕಾಯಿ ಒಡೀಬೇಡ, ನಿಂತದ್ದನ್ನ ನಿಂತಹಾಗೇ ನನಗೆ ತೋರ್ಸು" ಅಂತ ಅಂಗಲಾಚ್ತಿದ್ದ. ಶೀನಣ್ಣ ಒಳ್ಳೆಯವನೇ. ಆದ್ರೆ, "ನಿನ್ನ ಹೆಂಡ್ತಿ ಹೋದದ್ದು ಸಾಲದಾ, ನಾನೂ ಮಕ್ಕಳೊಂದಿಗ" ಅಂತ ಎದ್ದು ಹೋಗೋನು. ಇವನೂ ಅಷ್ಟೇ. ಶೀನಣ್ಣ ತಾಯಿ, ಬಾಯಾರಿಕೆ ಅಂತ ಬಾಯಿ ತೆಗೆದ್ರೆ ಸಾಕು, ಅರ್ಧ ಚಾ ಬಿಟ್ಟು ಏಳ್ತಿದ್ದ. ಎಲ್ಲ ಡ್ರೈವರುಗಳನ್ನೂ ಎಲ್ಲಿ, ಯಾವಾಗ, ಕಾಲು ಎಲ್ಲಿತ್ತು ಅಂತ ಪೀಡಿಸೋನು ಶೀನಣ್ಣನನ್ನ ಮಾತ್ರ ಒಂದು ದಿನವೂ ಕೇಳ್ಲಿಲ್ಲ. ತಾನೇ ಪಕ್ಕದಲ್ಲಿ ಕೂತಿದ್ದೆನಲ್ಲ, ಇನ್ನೇನು ಕೇಳೋದು ಅಂತ ಇದ್ದಿರ್ಬೇಕು.

ವರ್ಷಗಳು ಹೋದವು. ಎಂಬತ್ತರ ದಶಕ ಬಂತು, ಹುಡುಗಿ ಶಾಲೆಗೆ ಹೋಗೋಕೆ ಶುರುಮಾಡಿ ಎಷ್ಟೋ ಕಾಲ ಆಗಿತ್ತು. ಒಂದು ದಿನ ನಾನು ಹೊಲಿಗೆ ಹಾಕ್ತಾ ಸುಮ್ನೆ ಬಾಯಿಗೆ ಬಂದದ್ದು ಅಂದೆ: "ಸೆಕೆ ಅಂದ್ರೆ ಸೆಕೆ ಮಾರಾಯ, ಚೌಡಿಗೆ ಬಾಯಾರಿಕೆ ಆಗೋ ಕಾಲ." ಅಂದಮೇಲೆ ನಾಲಿಗೆ ಕಚ್ಕೊಂಡೆ. ಅವನು ಏಳ್ಲಿಲ್ಲ. ಬಲ್ಬಿನ ವೈರು ಬೆರಳಿಗೆ ಸುತ್ತುತ್ತಾ ಕೂತ.

"ಶೀನ ಸುಳ್ಳು ಹೇಳ್ಲಿಲ್ಲ ಮಾರಾಯ. ಬಿಸಿ ಆದಾಗ ಮಾತ್ರ. ಏರಲ್ಲಿ ಕಾಲು ಪೂರ್ತಿ ಒತ್ತಿದಾಗ ಮಾತ್ರ. ಅವನು ಹೇಳ್ತಾನೇ ಇದ್ದ, ನಾನು ಕೇಳಿಸ್ಕೊಳ್ಲಿಲ್ಲ."

ಅಷ್ಟು ಹೊತ್ತಿಗೆ ಶೀನಣ್ಣನೂ ಸೋತಿದ್ದ. ಕಾರು ಮಾರೋನಿದ್ದ. ಮಾರೋ ಮುಂಚೆ ಒಂದ್ಸಲ ಅಂತ ಒಪ್ಪಿದ. ಒಂದು ಷರತ್ತು, ಕಾಯಿ ತಂದೇ ತರ್ತೀನಿ, ನೀವು ಮಾಡೋ ಅನಾಚಾರ ನೋಡೋದಿಲ್ಲ. ಮೂವರೂ ಹೊಸನಗರದ ತನಕ ಹೋಗಿ, ಬಿಸಿಲೇರಿದ ಮೇಲೆ ವಾಪಸ್ ಹೊರಟ್ವಿ. ಕಾರು ಏರು ಹತ್ತಿತು, ತಿರುವಿಗೆ ಬಂತು, ನಿಂತಿತು.

ಶೀನಣ್ಣ ಕಾಯಿ ಎದೆಗೆ ಅವಚಿಕೊಂಡು ಇಳಿದು ಕಾಡಿನ ಕಡೆ ಮುಖ ಮಾಡಿ ನಿಂತ. ಡ್ರೈವರ್ ಸೀಟಲ್ಲಿ ಬಲ್ಬಣ್ಣ ನನ್ನನ್ನ ಕೂರಿಸಿದ. ನನಗೆ ಗಾಡಿ ಬಿಡೋಕೆ ಬರೋದಿಲ್ಲ ಅಂದೆ, ಕಾಲಿದ್ರೆ ಸಾಕು ಅಂದ. ಬಾನೆಟ್ ಎತ್ತಿ, ಇಂಜಿನ್ನಿಗೆ ಕಿಡಿ ಕೊಡೋ ಕಾಯಿಲಿನ ತಲೆಗೆ ಬಲ್ಬು ಕಚ್ಚಿಸಿ, ನನಗೆ ಕಾಣೋ ಹಾಗೆ ಗಾಜಿನ ಮುಂದೆ ಇಟ್ಟ. ಕೀ ಆನ್. ಬಲ್ಬು ಹತ್ತಲಿಲ್ಲ.

"ಕಾಲು ಪೂರ್ತಿ ಒತ್ತು. ಹಾಂ. ಈಗ ನಿಧಾನಕ್ಕೆ ತೆಗಿ. ಇನ್ನೂ. ಪೂರ್ತಿ ತೆಗಿ."

ಕಾಲು ಪೂರ್ತಿ ತೆಗೆದಾಗ ಬಲ್ಬಿನ ಎಳೆ ಕೆಂಪಗೆ ಒಮ್ಮೆ ಮಿಣುಕಿ ಆರಿತು. ಒತ್ತಿದಾಗ ಪೂರ್ತಿ ಕತ್ತಲು. ಅವನು ಬಗ್ಗಿ ನೋಡಿದ. ಎಕ್ಸಲೇಟರಿನ ರಾಡು ಒತ್ತಿದಾಗಲೆಲ್ಲ ಕಾಯಿಲಿಗೆ ಕರೆಂಟು ತರೋ ವೈರನ್ನ ಜಗ್ಗುತ್ತಿತ್ತು. ವೈರಿನ ಮೇಲಿನ ರಬ್ಬರು ಹೊಸದರ ಹಾಗೇ ಇತ್ತು, ಒಳಗೆ ತಾಮ್ರ ತುಂಡಾಗಿತ್ತು. ತಣ್ಣಗಿದ್ದಾಗ ತುಂಡಾದ ಎರಡು ತುದಿ ಒಂದಕ್ಕೊಂದು ತಾಗಿಕೊಂಡಿರ್ತವೆ. ಇಂಜಿನ್ನಿನ ಬಿಸಿಗೆ ರಬ್ಬರು ಮೆತ್ತಗಾಗಿ, ಮೇಲಿಂದ ರಾಡೂ ಜಗ್ಗಿದ್ರೆ, ಬಿಟ್ಕೊಳ್ತವೆ. ಇದನ್ನೆಲ್ಲ ಅವನು ನನಗೆ ವಿವರಿಸಿದ್ದು ಆಮೇಲೆ. ಆಗ ಕಿಟಕಿಯಿಂದ ತಲೆ ಹೊರಹಾಕಿದ ನನಗೆ ಕಂಡದ್ದು ಆ ವೈರು ಹಿಡಿದ ಅವನ ಮುಖ ಮಾತ್ರ. ನಾನಂತೂ ಕೂಗಿದೆ, "ಸಿಕ್ತಲ್ಲ ಮಾರಾಯ, ಕಾಯಿ ಅಲ್ಲ, ಕಾಯಿಲು."

ಅವನು ನಗ್ಲಿಲ್ಲ. ಕೀ ಆಫ್ ಮಾಡು ಅಂದ. ಆಮೇಲೆ ಕಾಡಿನ ಕಡೆ ತಿರುಗಿ, "ಶೀನಣ್ಣ, ಈಗ ನಿನ್ನ ಕಾಯಿ ಒಡಿ. ಪ್ರತಿ ಸಲ ಹೇಗೆ ಮಾಡ್ತೀಯೋ ಹಾಗೇ ಮಾಡು, ಒಂದೂ ಬಿಡ್ಬೇಡ" ಅಂದ.

ಶೀನಣ್ಣ ಚಪ್ಪಲಿ ಬಿಟ್ಟ. ಒಡೆದ. ಕಲ್ಲಿಗೆ ನೀರು ಹಾಕಿದ. ಇಂಜಿನ್ ಮೇಲೆ, ಆ ವೈರಿನ ಮೇಲೆ ಚಿಮುಕಿಸಿದ. ನಿಧಾನಕ್ಕೆ ಸುತ್ತು ಬಂದ, ಕಣ್ಣು ಮುಚ್ಚಿ ಏನೋ ಗುನುಗಿದ. ಅಷ್ಟೂ ಹೊತ್ತು ಇವನು ಬಾನೆಟ್ಟಿಗೆ ಕೈ ಕೊಟ್ಟು ನಿಂತೇ ಇದ್ದ.

"ಕೀ ಹಾಕು. ಕಾಲು ಇಡ್ಬೇಡ."

ಕೀ ಹಾಕಿದೆ. ಬಲ್ಬು ಫಳ್ ಅಂತ ಹತ್ತಿತು.

ಅವನು ಅಲ್ಲೇ ರಸ್ತೆ ಬದಿ ಕೂತ. ನನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಕಾಲು ತೆಗೆದು, ಇಳಿದು, ಒಂದು ಕಾಯಿ ಒಡೆಯೋಷ್ಟು ಹೊತ್ತು ಬಿಟ್ಟಿದ್ರೆ ಅವತ್ತೂ ಕಾರು ಹೊರಡ್ತಿತ್ತು. ಇವನು ಒತ್ತು, ಕಾಲು ತೆಗೀಬೇಡ ಅಂದಿದ್ದ. ಒತ್ತಿದಷ್ಟೂ ವೈರು ಬಿಟ್ಕೊಂಡೇ ಇತ್ತು. ಚೌಡಿ ಇರ್ಲಿ ಬಿಡ್ಲಿ, ಆ ಕಾಯಿ ಒಡೆದಿದ್ರೆ ಅವಳು ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿರ್ತಿದ್ಲು. ಇಷ್ಟು ವರ್ಷ ಹುಡುಕಿ ಹುಡುಕಿ ಅವನು ಕೊನೆಗೆ ಹಿಡಿದು ತಂದದ್ದು ತನ್ನ ಕೈಯನ್ನೇ.

ಆ ತುಂಡು ವೈರು ಕತ್ತರಿಸಿ ಜೇಬಿಗೆ ಹಾಕ್ಕೊಂಡು ಬೇರೆ ವೈರು ಕಟ್ಟಿದ. ಮಾರನೇ ವಾರ ಅತ್ತೆ ಮನೆಗೆ ಹೊರಟ, ಜೊತೆಗೆ ನನ್ನನ್ನೂ ಎಳ್ಕೊಂಡು ಹೋದ. ಅತ್ತೆ ಜಗಲಿಗೆ ಬಂದ್ರು, ಕೂರಿ ಅನ್ಲಿಲ್ಲ. ಹುಡುಗಿ ಎಂದಿನ ಹಾಗೆ ಕದದ ಹಿಂದೆ. ಇವನ ಕೈ ಜೇಬಲ್ಲಿತ್ತು. ವೈರು ತೆಗೀತಾನೆ, ಕಾರಿನ ದೋಷ ನೋಡಿ ಅಂತಾನೆ ಅಂತ ನಾನು ಕಾದೆ. ಅಷ್ಟೇ ಹೇಳಿದ್ರೆ ಸಾಕಿತ್ತು, ಸುಳ್ಳೂ ಆಗ್ತಿರ್ಲಿಲ್ಲ. ಮಿಕ್ಕದ್ದು ಯಾರಿಗೆ ಗೊತ್ತಾಗ್ತಿತ್ತು?

ಜೇಬಿಂದ ಕೈ ಬರಿದೇ ಬಂತು. "ಅತ್ತೆ, ಅವತ್ತು ನೀವು ಹೇಳಿದ್ದೇ ಸರಿ. ಒಂದು ಕಾಯಿ ಒಡೆದಿದ್ರೆ ಅವಳು ಉಳೀತಿದ್ಲು" ಅಂದ.

ಆ ಮುದುಕಿ ಕಂಬ ಹಿಡ್ಕೊಂಡು ಅತ್ತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅತ್ತು ಮುಗಿಸಿ, ಸೆರಗಲ್ಲಿ ಮುಖ ಒರೆಸಿ, ಒಳಗೆ ತಿರುಗಿ, "ಮಗಾ, ನಿಮ್ಮಪ್ಪ ಬಂದಿದಾರೆ, ಕಾಲಿಗೆ ನೀರು ಕೊಡು" ಅಂದ್ರು. ಹುಡುಗಿ ಚೊಂಬು ಹಿಡ್ಕೊಂಡು ಹೊರಗೆ ಬಂದಳು. ಮುಂದಿನ ರಜೆಗೆ ಸಾಗರಕ್ಕೂ ಬಂದಳು. ಗಂಟು ಕಟ್ಟಿಟ್ಟಿದ್ದ ಬಟ್ಟೆ ಕೊಟ್ಟೆ, ಅಷ್ಟರಲ್ಲಿ ಅದು ಅವಳ ಲಂಗಕ್ಕೆ ಸಾಲ್ತಿರ್ಲಿಲ್ಲ, ರವಿಕೆ ಮಾಡಿಸ್ಕೊಂಡಳು.

ಅವತ್ತು ಅತ್ತೆ ಮನೆಯಿಂದ ವಾಪಸ್ ಬರ್ತಾ ತಿರುವಲ್ಲಿ ಕಾರು ನಿಲ್ಲಿಸೋಕೆ ಹೇಳಿದ. ಕಲ್ಲಿನ ಮುಂದೆ ಹೋಗಿ ನಿಂತ. ಭಕ್ತಿ ಬಂತೇನೋ ಅಂದ್ಕೊಂಡೆ. "ಇಲ್ಲಿ ಯಾರೂ ಇಲ್ಲ ಮಾರಾಯ" ಅಂದ. "ಇದ್ದಿದ್ರೆ ಒಳ್ಳೇದಿತ್ತು. ತಪ್ಪಾಯ್ತು ಅನ್ನೋಕೆ ಒಬ್ಬಳಾದ್ರೂ ಇರ್ತಿದ್ಲು." ಯಾರಿಗೂ ಹೇಳ್ಬೇಡ ಅಂದದ್ದೂ ಅಲ್ಲೇ.

ಡಿಕ್ಕಿಯಲ್ಲಿ ಕಾಯಿ ಇಡೋದು ಅದಾದಮೇಲೆ ಶುರುವಾಯ್ತು. ಡ್ರೈವರುಗಳನ್ನ ನಿಲ್ಲಿಸಿಕೊಂಡು ಪಾಠ ಬೇರೆ: "ಎಲ್ಲೇ ನಿಲ್ಲಲಿ, ಮೊದಲು ಕಾಲು ತೆಗಿ. ಕೀ ತೆಗಿ. ಇಳಿದು ಕಾಯಿ ಒಡಿ, ಸುತ್ತು ಬಾ, ಆಮೇಲೆ ನೋಡು." ಅವರು ಕೈಮುಗಿದು ತಗೊಂಡು ಹೋಗ್ತಿದ್ರು. ಇಂಜಿನ್ ತಣಿಯೋವರೆಗೆ ಕಾಯ್ಕೊಂಡಿರು ಅಂದ್ರೆ ಅವಸರದವನು ಯಾವನೂ ಕಾಯೋದಿಲ್ಲ, ಚೌಡಿಗೆ ಅಂದ್ರೆ ಕಾಯ್ತಾನೆ ಅಂತ ಅವನ ಲೆಕ್ಕ. ಅದಕ್ಕೇ ಜಗಲಿಯವರು ದೈವಭಕ್ತ ಅಂದಾಗ ನಾನು ಬಾಯಿ ಬಿಗಿಹಿಡಿದದ್ದು.

ಹೊರಡೋ ಹೊತ್ತಿಗೆ ಅವನ ಮಗಳು ನನ್ನನ್ನ ಬಾಗಿಲ ತನಕ ಕಳಿಸೋಕೆ ಬಂದಳು. ತೀರ್ಥಹಳ್ಳಿಗೆ ಮದುವೆಯಾಗಿ ಬಂದು, ಅಪ್ಪನನ್ನ ಕೊನೆಯವರೆಗೂ ತನ್ನ ಮನೆಯಲ್ಲೇ ಇಟ್ಕೊಂಡು ನೋಡಿದವಳು. ಕಣ್ಣು ಅತ್ತು ಅತ್ತು ಊದಿತ್ತು.

"ಚಿಕ್ಕಪ್ಪ, ಒಂದು ಮಾತು ಕೊರೀತಾ ಇದೆ. ಕೊನೇಲಿ ಅಪ್ಪಂಗೆ ಬೇರೆ ಮಾತೇ ಇರ್ಲಿಲ್ಲ. 'ಕಾಲು ತೆಗಿ, ಕಾಲು ತೆಗಿ' ಅಷ್ಟೇ. ನಾನು ಅವರ ಕಾಲು ಎತ್ತಿ ಈ ಕಡೆ ಇಟ್ಟೆ, ಆ ಕಡೆ ಇಟ್ಟೆ, ದಿಂಬಿನ ಮೇಲಿಟ್ಟೆ, ನನ್ನ ತೊಡೆ ಮೇಲಿಟ್ಕೊಂಡೆ. ಆದ್ರೂ ಬಿಡ್ಲಿಲ್ಲ. ಎಲ್ಲಿ ಇಡ್ಬೇಕಿತ್ತು ಅಂತ ನನಗೆ ಗೊತ್ತಾಗ್ಲೇ ಇಲ್ಲ."

"ನಿನ್ನ ಸೇವೆಯಲ್ಲಿ ಏನೂ ಕಮ್ಮಿ ಆಗ್ಲಿಲ್ಲ ಮಗಾ. ಅದು ನಿನಗೆ ಹೇಳಿದ್ದಲ್ಲ."

"ಮತ್ತೆ ಯಾರಿಗೆ?"

"ಶೀನಣ್ಣಂಗೆ" ಅಂದೆ. "ನಿಮ್ಮಮ್ಮ ಹಿಂದಿನ ಸೀಟಲ್ಲಿದ್ಲು."